ಎಚ್‌ಆರ್ ಆಮೇಲೆ, ಮೊದಲು ಅವರ ಜೊತೆ ಮಾತಾಡಿ

ನೀವು ಕೋಚಿಂಗ್ ಕೊಡುತ್ತಿರುವ ಮ್ಯಾನೇಜರ್ "ಬದುಕೋದೇ ಬೇಡ ಅನ್ಸುತ್ತೆ" ಅಂದರು, ಫೀಸು ಕೊಡುವ ಕಂಪನಿಯ ಎಚ್‌ಆರ್‌ಗೆ ತಿಳಿಸಬೇಕಾ ಅಂತ ಕೇಳಿದ್ದೀರಿ. ಎಚ್‌ಆರ್ ವಿಷಯ ಪಕ್ಕಕ್ಕಿಡಿ. ಈಗಲೇ ಅವರಿಗೆ ಫೋನ್ ಮಾಡಿ, ನೇರವಾಗಿ ಕೇಳಿ: "ಸಾಯುವ ಯೋಚನೆ ಬರ್ತಿದೆಯಾ? ಹೇಗೆ, ಯಾವಾಗ ಅಂತೆಲ್ಲಾ ಯೋಚಿಸಿದ್ದೀರಾ?" ಕೇಳಿದರೆ ನಾವೇ ತಲೆಗೆ ತುಂಬಿದಂತಾಗುತ್ತೆ ಅನ್ನೋದು ಸುಮ್ನೆ ಭಯ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಅವರು ನಂಬುವ ಯಾರನ್ನಾದರೂ ಕರೆಸಿ, ಆಸ್ಪತ್ರೆಗೆ ಹೋಗಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್‌ನ ನೀತಿ ಸಂಹಿತೆಯಲ್ಲೂ ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ಗೌಪ್ಯತೆಗೆ ವಿನಾಯಿತಿ ಇದೆ. ನನ್ನ ಪ್ರಕಾರ ಅದು ಕಾಪಾಡಬಲ್ಲವರಿಗೆ ಹೇಳಲು, ಅಪ್ರೈಸಲ್ ಫೈಲಿಗೆ ಸೇರಿಸಲು ಅಲ್ಲ. ಎಚ್‌ಆರ್‌ಗೆ "ಸೆಷನ್ ಸದ್ಯಕ್ಕೆ ನಿಲ್ಲಿಸಿದ್ದೇವೆ" ಅಂದರೆ ಸಾಕು. ಅದಕ್ಕಿಂತ ಜಾಸ್ತಿ ಹೇಳಬೇಕಾದರೆ ಆ ಮ್ಯಾನೇಜರ್ ಒಪ್ಪಿಗೆ ಕೇಳಿ.

ಡಾಕ್ಟರ್ ನೋಡುವವರೆಗೆ ಪ್ರಮೋಷನ್, ಟಾರ್ಗೆಟ್ ಮಾತು ಬೇಡ. ಇದು ಕೋಚಿಂಗ್‌ನಲ್ಲಿ ಮುಗಿಯುವ ವಿಷಯ ಅಲ್ಲ, ಅಲ್ವಾ? ಮುಂದಿನ ಒಪ್ಪಂದಗಳಲ್ಲಿ ಮೊದಲೇ ಬರೆಸಿಕೊಳ್ಳಿ: ಕಂಪನಿಗೆ ಕೊಡುವ ಮಾಹಿತಿ ಅಂದರೆ ಹಾಜರಿ ಮತ್ತು ಇಬ್ಬರೂ ಒಪ್ಪಿದ ಗುರಿಗಳು, ಅಷ್ಟೇ.