ದ್ವಿತೀಯ ಪಿಯುಸಿ ಗಣಿತಕ್ಕೆ ಬೇಸಿಗೆ ರಜೆಯಲ್ಲಿ ಏನು ಓದಿಕೊಳ್ಳಬೇಕು?

ಪ್ರಥಮ ಪಿಯುಸಿ ಗಣಿತದಲ್ಲಿ ನೂರಕ್ಕೆ 52 ಬಂದಿದೆ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಬೆಳಗಿನ ಹೊತ್ತು ತೋಟದಲ್ಲಿ ಅಪ್ಪನಿಗೆ ಕೈಜೋಡಿಸಬೇಕು ಎಂದು ಬರೆದಿದ್ದೀರಿ. ಜೂನ್‌ನಲ್ಲಿ ಕಾಲೇಜು ತೆರೆಯುವಷ್ಟರಲ್ಲಿ ದ್ವಿತೀಯ ಪಿಯುಸಿ ಗಣಿತದ ಅರ್ಧ ಪುಸ್ತಕವನ್ನಾದರೂ ಮುಗಿಸಿರಬೇಕೇ, ಅದಕ್ಕಾಗಿ ಪಟ್ಟಣಕ್ಕೆ ಹೋಗಿ ಬೇಸಿಗೆ ಕೋಚಿಂಗ್ ಸೇರಬೇಕೇ ಎಂಬುದು ನಿಮ್ಮ ಪ್ರಶ್ನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಎರಡೂ ಬೇಡ ಎನ್ನುತ್ತೇನೆ. ರಜೆಯ ಹೆಚ್ಚಿನ ಪಾಲನ್ನು ನೀವು ಈಗಷ್ಟೇ ಮುಚ್ಚಿಟ್ಟ ಪ್ರಥಮ ವರ್ಷದ ಪುಸ್ತಕಕ್ಕೇ ಕೊಡಿ. ಹೊಸ ಪುಸ್ತಕದಿಂದ ಒಂದೆರಡು ಅಧ್ಯಾಯ ಸಾಕು. ಪರೀಕ್ಷೆ ಮುಗಿದ ಪುಸ್ತಕವನ್ನು ಮತ್ತೆ ತೆರೆಯುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಇದನ್ನೇ ಹೇಳುತ್ತೇನೆ, ಕಾರಣವನ್ನೂ ಹೇಳುತ್ತೇನೆ.

ದ್ವಿತೀಯ ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ 13 ಅಧ್ಯಾಯಗಳಿವೆ. ಅವುಗಳಲ್ಲಿ 5ರಿಂದ 9ರವರೆಗಿನ ಐದು ಅಧ್ಯಾಯಗಳು ಪೂರ್ತಿಯಾಗಿ ಕಲನಶಾಸ್ತ್ರ: ಡಿಫರೆನ್ಶಿಯೇಶನ್, ಅದರ ಅನ್ವಯ, ಇಂಟಿಗ್ರೇಶನ್, ಅದರ ಅನ್ವಯ, ಡಿಫರೆನ್ಶಿಯಲ್ ಸಮೀಕರಣ. ವರ್ಷದ ನಡುವಿನ ತಿಂಗಳುಗಳೆಲ್ಲ ಇವುಗಳಲ್ಲೇ ಕಳೆಯುತ್ತವೆ, ಮಕ್ಕಳು ಸೋಲುವುದೂ ಬಹುಮಟ್ಟಿಗೆ ಇಲ್ಲೇ. ಸೋಲು ಎಲ್ಲಿ ಶುರುವಾಗುತ್ತದೆ ಎಂದು ಹತ್ತಿರದಿಂದ ನೋಡಿದರೆ, ಹೊಸ ಪಾಠ ಅರ್ಥವಾಗದೆ ಅಲ್ಲಿ ನಿಂತವರು ಕಡಿಮೆ. ಹಳೆಯ ಬೀಜಗಣಿತ ಕೈಗೆ ಬಾರದೆ ನಿಂತವರೇ ಹೆಚ್ಚು.

ಒಂದು ಉದಾಹರಣೆ ಕೊಡುತ್ತೇನೆ. ಏಳನೆಯ ಅಧ್ಯಾಯದಲ್ಲಿ ಇಂಥ ಲೆಕ್ಕ ಬರುತ್ತದೆ: 1ನ್ನು ಎಕ್ಸ್² + 4ಎಕ್ಸ್ + 13ರಿಂದ ಭಾಗಿಸಿ, ಬಂದದ್ದನ್ನು ಇಂಟಿಗ್ರೇಟ್ ಮಾಡಿ. ಇದಕ್ಕೆ ಬೇಕಾದ ಸೂತ್ರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಆದರೆ ಆ ಸೂತ್ರ ಹೊಂದಬೇಕಾದರೆ ಛೇದದಲ್ಲಿರುವುದನ್ನು ಮೊದಲು (ಎಕ್ಸ್ + 2)² + 9 ಎಂದು ಬರೆದುಕೊಳ್ಳಬೇಕು. ಎಕ್ಸ್‌ನ ಗುಣಕ 4, ಅದರ ಅರ್ಧ 2, ಅದರ ವರ್ಗ 4, ಹದಿಮೂರರಲ್ಲಿ ನಾಲ್ಕು ಕಳೆದರೆ 9, ಅಂದರೆ 3ರ ವರ್ಗ. ಇಷ್ಟಾದರೆ ಉಳಿದದ್ದು ಒಂದೇ ಸಾಲು. ಈ ‘ವರ್ಗ ಪೂರ್ಣಗೊಳಿಸುವ’ ಕೆಲಸದಲ್ಲಿ ಕಲನಶಾಸ್ತ್ರ ಎಳ್ಳಷ್ಟೂ ಇಲ್ಲ, ಇದು ಪೂರ್ತಿ ವರ್ಗಸಮೀಕರಣದ ಕಾಲದ ಬೀಜಗಣಿತ. ನೀವು ಹೈಸ್ಕೂಲಿನಲ್ಲಿ ಇದನ್ನು ಕಲಿತಿರಬಹುದು, ಬಿಟ್ಟೂ ಇರಬಹುದು. ರಜೆಯಲ್ಲಿ ದಿನಕ್ಕೆ ನಾಲ್ಕೈದು ಇಂಥ ಪದಾವಳಿಗಳನ್ನು ನೀವೇ ಬರೆದುಕೊಂಡು ವರ್ಗ ಪೂರ್ಣಗೊಳಿಸಿ. ಗುಣಕ ಬೆಸಸಂಖ್ಯೆಯಾಗಿ ಅರ್ಧ ಮಾಡಿದಾಗ ಭಿನ್ನರಾಶಿ ಬರುವಂಥವನ್ನೂ ತೆಗೆದುಕೊಳ್ಳಿ. ಕೈ ತಡೆಯುವುದು ಅಲ್ಲೇ.

ಇನ್ನು ತ್ರಿಕೋನಮಿತಿ. ಪ್ರಥಮ ವರ್ಷದ ಮೂರನೆಯ ಅಧ್ಯಾಯ. ನಿಮ್ಮ ರಜೆಯಲ್ಲಿ ಒಂದೇ ಒಂದು ಅಧ್ಯಾಯಕ್ಕೆ ಸಮಯವಿದ್ದರೆ ಅದು ಇದೇ ಆಗಿರಲಿ. ಸೂತ್ರಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸುವ ಪದ್ಧತಿ ಇದೆ. ನಾನು ಅದನ್ನು ಮೆಚ್ಚುವುದಿಲ್ಲ. ಪಟ್ಟಿ ಉದ್ದವಾದಷ್ಟೂ ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಎಂಬ ಗೊಂದಲ ಹೆಚ್ಚುತ್ತದೆ. ಬದಲಿಗೆ ಎರಡೇ ಎರಡು ಸೂತ್ರಗಳನ್ನು ಗಟ್ಟಿ ಮಾಡಿಕೊಳ್ಳಿ: ಎರಡು ಕೋನಗಳ ಮೊತ್ತದ ಸೈನ್ ಮತ್ತು ಮೊತ್ತದ ಕಾಸ್. ಉಳಿದವನ್ನು ಅವುಗಳಿಂದ ಬರೆದು ಪಡೆಯಿರಿ. ಮೊತ್ತದ ಕಾಸ್ ಸೂತ್ರದಲ್ಲಿ ಎರಡೂ ಕೋನಗಳನ್ನು ಎಕ್ಸ್ ಎಂದು ತೆಗೆದುಕೊಂಡರೆ, ಕಾಸ್ 2ಎಕ್ಸ್ = ಕಾಸ್²ಎಕ್ಸ್ − ಸೈನ್²ಎಕ್ಸ್. ಸೈನ್²ಎಕ್ಸ್ ಜಾಗದಲ್ಲಿ 1 − ಕಾಸ್²ಎಕ್ಸ್ ಹಾಕಿದರೆ, ಕಾಸ್ 2ಎಕ್ಸ್ = 2 ಕಾಸ್²ಎಕ್ಸ್ − 1. ಅದನ್ನು ತಿರುಗಿಸಿ ಬರೆದರೆ, ಕಾಸ್²ಎಕ್ಸ್ = (1 + ಕಾಸ್ 2ಎಕ್ಸ್)/2.

ಈ ಕೊನೆಯ ಸಾಲು ಪ್ರಥಮ ವರ್ಷದಲ್ಲಿ ಸಾಮಾನ್ಯ ಸೂತ್ರದಂತೆ ಕಾಣಿಸುತ್ತದೆ. ದ್ವಿತೀಯ ವರ್ಷದಲ್ಲಿ ಕಾಸ್²ಎಕ್ಸ್‌ನ ಇಂಟಿಗ್ರಲ್ ಕೇಳಿದಾಗ ದಾರಿ ತೋರಿಸುವುದು ಇದೇ. ವರ್ಗ ಹೋಯಿತು, ಎರಡು ಸರಳ ಪದಗಳು ಉಳಿದವು, ಅವುಗಳ ಇಂಟಿಗ್ರಲ್ ಎಲ್ಲರಿಗೂ ಗೊತ್ತು. ಸೂತ್ರ ಮರೆತರೂ ಮೂರು ಸಾಲು ಬರೆದು ಮತ್ತೆ ಪಡೆಯಬಲ್ಲೆ ಎಂಬ ಭರವಸೆ ಪರೀಕ್ಷಾ ಕೊಠಡಿಯಲ್ಲಿ ದೊಡ್ಡ ಬಲ. ದಿನವೂ ಒಂದು ಖಾಲಿ ಹಾಳೆ ತೆಗೆದುಕೊಂಡು, ಪುಸ್ತಕ ನೋಡದೆ, ಆ ಎರಡು ಸೂತ್ರಗಳಿಂದ ಹೊರಟು ಎಷ್ಟು ಸೂತ್ರಗಳನ್ನು ಪಡೆಯಬಹುದೋ ಅಷ್ಟನ್ನೂ ಬರೆಯಿರಿ. ಮೊದಮೊದಲು ಹೊತ್ತು ಹಿಡಿಯುತ್ತದೆ, ಮೇ ತಿಂಗಳ ಹೊತ್ತಿಗೆ ಕೈ ತಾನಾಗಿ ಓಡುತ್ತದೆ.

ನಕ್ಷೆಗಳನ್ನು ಕೈಯಲ್ಲೇ ಎಳೆದು ಅಭ್ಯಾಸ ಮಾಡಿ. ಎಕ್ಸ್², ಎಕ್ಸ್³, ಎಕ್ಸ್‌ನ ಮಾಡ್ಯುಲಸ್, 1/ಎಕ್ಸ್, ಸೈನ್, ಕಾಸ್, ಟ್ಯಾನ್, ಲಾಗ್, ಘಾತೀಯ ಫಂಕ್ಷನ್. ಅಂದವಾಗಿ ಬರಬೇಕೆಂದೇನಿಲ್ಲ, ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ತುಂಡಾಗುತ್ತದೆ ಎಂಬುದು ಸರಿ ಇದ್ದರೆ ಸಾಕು. ಇದರ ಬೆಲೆ ದ್ವಿತೀಯ ವರ್ಷದ ಎರಡನೆಯ ಅಧ್ಯಾಯದಲ್ಲೇ ತಿಳಿಯುತ್ತದೆ. 120 ಡಿಗ್ರಿಯ ಸೈನ್ ತೆಗೆದುಕೊಂಡು, ಅದರ ಸೈನ್ ಇನ್ವರ್ಸ್ ಎಷ್ಟು ಎಂದು ಕೇಳಿದರೆ ತರಗತಿಯ ಬಹುಪಾಲು ಮಕ್ಕಳು 120 ಎನ್ನುತ್ತಾರೆ. ಸರಿಯಾದ ಉತ್ತರ 60. ಸೈನ್ ನಕ್ಷೆ 90 ಡಿಗ್ರಿಯವರೆಗೆ ಏರಿ ಅಲ್ಲಿಂದ ಇಳಿಯುತ್ತದೆ. ಆದ್ದರಿಂದ 60ರಲ್ಲೂ 120ರಲ್ಲೂ ಅದರ ಎತ್ತರ ಒಂದೇ. ಒಂದು ಎತ್ತರಕ್ಕೆ ಒಂದೇ ಕೋನ ಸಿಗಲಿ ಎಂದು ಇನ್ವರ್ಸ್‌ನ ವ್ಯಾಪ್ತಿಯನ್ನು −90ರಿಂದ 90 ಡಿಗ್ರಿಯವರೆಗೆ ಸೀಮಿತಗೊಳಿಸಿದ್ದಾರೆ. ನಕ್ಷೆ ಕಣ್ಣ ಮುಂದಿದ್ದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನಕ್ಷೆ ಇಲ್ಲದವರು ಇದನ್ನೂ ಒಂದು ನಿಯಮವೆಂದು ಬಾಯಿಪಾಠ ಮಾಡಿ ಮುಂದಿನ ವಾರ ಮರೆಯುತ್ತಾರೆ. ಶಂಕುಚ್ಛೇದಗಳ ಅಧ್ಯಾಯದಿಂದಲೂ ವೃತ್ತ, ಪ್ಯಾರಾಬೋಲ, ಎಲಿಪ್ಸ್‌ಗಳ ಸಮೀಕರಣ ನೋಡಿದೊಡನೆ ಆಕಾರ ಗುರುತಿಸುವಷ್ಟು ಬಂದರೆ, ಮುಂದೆ ವಿಸ್ತೀರ್ಣ ಕಂಡುಹಿಡಿಯುವ ಪಾಠ ಹಗುರವಾಗುತ್ತದೆ.

ಆಮೇಲೆ ಪ್ರಥಮ ವರ್ಷದ 12ನೆಯ ಅಧ್ಯಾಯ, ಲಿಮಿಟ್ ಮತ್ತು ಡೆರಿವೇಟಿವ್. ಪುಸ್ತಕದ ಕೊನೆಯ ಭಾಗದಲ್ಲಿರುವುದರಿಂದ ಎಷ್ಟೋ ಕಾಲೇಜುಗಳಲ್ಲಿ ಇದು ಪರೀಕ್ಷೆ ಹತ್ತಿರ ಬಂದಾಗ ಅವಸರದಲ್ಲಿ ಮುಗಿದಿರುತ್ತದೆ. ನಿಮಗೂ ಹಾಗೇ ಆಗಿದ್ದರೆ, ಸೂತ್ರ ಮುಟ್ಟುವ ಮೊದಲು ಒಮ್ಮೆ ಅಂಕಿಗಳಲ್ಲಿ ಮಾಡಿ ನೋಡಿ. ಎಕ್ಸ್² ತೆಗೆದುಕೊಳ್ಳಿ, ಎಕ್ಸ್ 3 ಇರುವಲ್ಲಿ ಬೆಲೆ 9. ಎಕ್ಸ್ 3.1 ಆದಾಗ ಬೆಲೆ 9.61. ಬೆಲೆ ಹೆಚ್ಚಿದ್ದು 0.61, ಎಕ್ಸ್ ಹೆಚ್ಚಿದ್ದು 0.1, ಭಾಗಿಸಿದರೆ 6.1. ಎಕ್ಸ್ 3.01 ಆದಾಗ ಬೆಲೆ 9.0601, ಭಾಗಿಸಿದರೆ 6.01. ಎಕ್ಸ್ 3.001 ಆದಾಗ ಅದೇ ರೀತಿ 6.001. ಎಲ್ಲಿಗೆ ಹೋಗುತ್ತಿದೆ ಎಂಬುದು ಕಾಣುತ್ತದೆ: 6ಕ್ಕೆ. ಈಗ 3ರ ಬದಲು 5 ತೆಗೆದುಕೊಂಡು ಮಾಡಿ, 10 ಬರುತ್ತದೆ. ಹಾಗಾದರೆ ಎಕ್ಸ್²ದ ಡೆರಿವೇಟಿವ್ 2ಎಕ್ಸ್ ಎಂಬುದು ಯಾರೋ ಹೇಳಿದ ಮಾತಾಗಿ ಉಳಿಯುವುದಿಲ್ಲ, ನೀವೇ ಕಂಡದ್ದಾಗುತ್ತದೆ. ಇದಾದ ಮೇಲೆ ಮೂಲತತ್ವದಿಂದ ಸಾಧಿಸುವ ವಿಧಾನ, ಆಮೇಲೆ ಗುಣಲಬ್ಧ ಮತ್ತು ಭಾಗಲಬ್ಧದ ನಿಯಮಗಳು. ಇಷ್ಟು ಗಟ್ಟಿಯಾಗಿದ್ದರೆ ದ್ವಿತೀಯ ವರ್ಷದ ಐದನೆಯ ಅಧ್ಯಾಯಕ್ಕೆ ಹೆದರಬೇಕಾಗಿಲ್ಲ.

ಪ್ರಥಮ ವರ್ಷದ ಉಳಿದ ಅಧ್ಯಾಯಗಳನ್ನು ಈಗ ಮುಟ್ಟದಿದ್ದರೂ ನಡೆಯುತ್ತದೆ. ಬೈನಾಮಿಯಲ್ ಪ್ರಮೇಯ, ಶ್ರೇಢಿಗಳು, ಸಂಕೀರ್ಣ ಸಂಖ್ಯೆಗಳು, ಸಂಖ್ಯಾಶಾಸ್ತ್ರ ಇವು ಮುಂದಿನ ವರ್ಷದ ತರಗತಿಗೆ ಅಷ್ಟಾಗಿ ಬೇಕಾಗುವುದಿಲ್ಲ. ಎಂಜಿನಿಯರಿಂಗ್ ಸೇರುವ ಯೋಚನೆ ಇದ್ದರೆ ಮಾತ್ರ ಇವನ್ನು ಪೂರ್ತಿ ಕೈಬಿಡಬೇಡಿ. ಸಿಇಟಿಯ ಗಣಿತ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳಿರುತ್ತವೆ, ಪ್ರಥಮ ವರ್ಷದ ಪಠ್ಯದಿಂದಲೂ ಕೇಳುತ್ತಾರೆ. ಆದರೆ ಆ ತಯಾರಿ ಈ ರಜೆಯ ಕೆಲಸವಲ್ಲ.

ಹೊಸ ಪುಸ್ತಕದಿಂದ ಏನು ಓದಬೇಕು ಎಂದರೆ, ಮೂರು ಮತ್ತು ನಾಲ್ಕನೆಯ ಅಧ್ಯಾಯ: ಮ್ಯಾಟ್ರಿಕ್ಸ್ ಮತ್ತು ಡಿಟರ್ಮಿನೆಂಟ್. ಇವನ್ನೇ ಹೇಳುವುದಕ್ಕೆ ಕಾರಣವಿದೆ. ಪ್ರಥಮ ವರ್ಷದ ಯಾವ ಪಾಠದ ಮೇಲೂ ಇವು ನಿಂತಿಲ್ಲ, ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು. ಜೊತೆಗೆ ನಿಮ್ಮ ಉತ್ತರ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳದೆ ನೀವೇ ತಾಳೆ ನೋಡಬಹುದು. ಒಂದು ಮ್ಯಾಟ್ರಿಕ್ಸ್‌ನ ಇನ್ವರ್ಸ್ ಕಂಡುಹಿಡಿದಿರಾ? ಎರಡನ್ನೂ ಗುಣಿಸಿ. ಕರ್ಣದಲ್ಲಿ 1, ಉಳಿದೆಡೆ 0 ಬಂದರೆ ಸರಿ. ಮೂರು ಅಜ್ಞಾತಗಳ ಮೂರು ಸಮೀಕರಣಗಳನ್ನು ಬಿಡಿಸಿದಿರಾ? ಉತ್ತರವನ್ನು ಮೂಲ ಸಮೀಕರಣಗಳಲ್ಲಿ ಹಾಕಿ ನೋಡಿ. ಮನೆಯಲ್ಲಿ ಒಬ್ಬರೇ ಕೂತು ಓದುವವರಿಗೆ ಇದಕ್ಕಿಂತ ಅನುಕೂಲದ ಅಧ್ಯಾಯ ಆ ಪುಸ್ತಕದಲ್ಲಿ ಇನ್ನೊಂದಿಲ್ಲ. ತಪ್ಪು ಬರುವುದೆಲ್ಲ ಸಹಗುಣಕಗಳ (ಕೋಫ್ಯಾಕ್ಟರ್) ಪ್ಲಸ್–ಮೈನಸ್ ಚಿಹ್ನೆಯಲ್ಲಿ, ಅದು ಅಭ್ಯಾಸದಿಂದಲೇ ಹೋಗಬೇಕು.

ಇನ್ನೊಂದು ಸಣ್ಣ ಸೇರ್ಪಡೆ. ಎಕ್ಸ್‌ನ ಘಾತಗಳು, ಸೈನ್, ಕಾಸ್, 1/ಎಕ್ಸ್, ಘಾತೀಯ ಫಂಕ್ಷನ್ ಇವುಗಳ ಸರಳ ಇಂಟಿಗ್ರಲ್‌ಗಳನ್ನು, ಡೆರಿವೇಟಿವ್‌ನ ತಿರುಗಿಸಿದ ಕ್ರಿಯೆ ಎಂಬ ಅರ್ಥದಲ್ಲಿ, ಕಲಿತಿಟ್ಟುಕೊಳ್ಳಿ. ದ್ವಿತೀಯ ವರ್ಷದ ಭೌತಶಾಸ್ತ್ರ ವಿದ್ಯುದಾವೇಶ ಮತ್ತು ವಿದ್ಯುತ್ ಕ್ಷೇತ್ರಗಳಿಂದ ಶುರುವಾಗುತ್ತದೆ. ಅಲ್ಲಿ ಇಂಟಿಗ್ರೇಶನ್ ಆರಂಭದಲ್ಲೇ ಎದುರಾಗುತ್ತದೆ, ಗಣಿತದ ತರಗತಿ ಏಳನೆಯ ಅಧ್ಯಾಯ ತಲುಪುವುದು ಎಷ್ಟೋ ತಡವಾಗಿ. ಭೌತಶಾಸ್ತ್ರದ ಉಪನ್ಯಾಸಕರು ಬೋರ್ಡ್ ಮೇಲೆ ಆ ಚಿಹ್ನೆ ಎಳೆದಾಗ ಕಂಗಾಲಾಗದಿರಲು ಇಷ್ಟು ಸಾಕು.

ಸಮಯದ ವಿಚಾರ. ಬೆಳಗ್ಗೆ ತೋಟವಿದ್ದರೆ ಬೆಳಗ್ಗೆಯೇ ಓದಬೇಕೆಂಬ ಹಟ ಬೇಡ. ಊಟವಾಗಿ ಬಿಸಿಲು ಏರಿದ ಹೊತ್ತಿನಲ್ಲಿ ಹೇಗೂ ಯಾರೂ ತೋಟಕ್ಕೆ ಇಳಿಯುವುದಿಲ್ಲ. ಆಗ ಒಂದೂವರೆ ಗಂಟೆ, ಸಂಜೆ ಮುಕ್ಕಾಲು ಗಂಟೆ ಕೂತರೆ ಧಾರಾಳವಾಯಿತು. ಮದುವೆ, ಜಾತ್ರೆ ಬಂದರೆ ಹೋಗಿ ಬನ್ನಿ. ಮರುದಿನ ಬಿಟ್ಟಲ್ಲಿಂದ ಹಿಡಿಯಿರಿ, ಬಿಟ್ಟುಹೋದದ್ದನ್ನು ಸರಿದೂಗಿಸಲು ಆರು ಗಂಟೆ ಕೂರಬೇಡಿ.

ಕೂತಾಗ ಹೇಗೆ ಓದುತ್ತೀರಿ ಎಂಬುದು ಗಂಟೆಗಳ ಲೆಕ್ಕಕ್ಕಿಂತ ಮುಖ್ಯ. ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಉದಾಹರಣೆಗಳಿವೆಯಲ್ಲ, ಅವುಗಳ ಉತ್ತರದ ಭಾಗವನ್ನು ಹಾಳೆಯಿಂದ ಮುಚ್ಚಿ ಮೊದಲು ನೀವೇ ಬಿಡಿಸಿ. ನಿಂತುಹೋದರೆ ಹಾಳೆಯನ್ನು ಒಂದು ಸಾಲು ಮಾತ್ರ ಕೆಳಗೆ ಸರಿಸಿ, ಮತ್ತೆ ಮುಚ್ಚಿ ಮುಂದುವರಿಯಿರಿ. ಉದಾಹರಣೆಯನ್ನು ಕಥೆಯಂತೆ ಓದಿ ‘ಅರ್ಥವಾಯಿತು’ ಎಂದು ಪುಟ ತಿರುಗಿಸುವುದು ನಾನು ನೋಡಿದ ಮಟ್ಟಿಗೆ ಅತ್ಯಂತ ದುಬಾರಿ ಅಭ್ಯಾಸ. ಮೊಬೈಲ್‌ನಲ್ಲಿ ವಿಡಿಯೋ ನೋಡುವಾಗಲೂ ಇದೇ ಕ್ರಮ: ಲೆಕ್ಕ ಓದಿದೊಡನೆ ವಿಡಿಯೋ ನಿಲ್ಲಿಸಿ, ನೀವು ಬಿಡಿಸಿ, ಆಮೇಲೆ ಮುಂದೆ ನೋಡಿ. ತಪ್ಪಾದ ಲೆಕ್ಕಗಳಿಗೆ ಬೇರೆಯೇ ಒಂದು ನೋಟ್‌ಬುಕ್ ಇಡಿ. ಪೂರ್ತಿ ಲೆಕ್ಕ ಬರೆಯಬೇಕಿಲ್ಲ, ತಪ್ಪಿದ ಸಾಲು ಮತ್ತು ತಪ್ಪಿದ ಕಾರಣ ಸಾಕು. ಭಾನುವಾರ ಅದನ್ನು ತೆರೆದು ನೋಡಿದರೆ ನಿಮ್ಮ ತಪ್ಪುಗಳು ಮೂರ್ನಾಲ್ಕು ಬಗೆಯವಷ್ಟೇ, ಅವೇ ಮತ್ತೆ ಮತ್ತೆ ಬರುತ್ತಿವೆ ಎಂದು ಗೊತ್ತಾಗುತ್ತದೆ.

ಕನ್ನಡ ಮಾಧ್ಯಮದ ಬಗ್ಗೆ ನಿಮಗಿರುವ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪ್ರಥಮ ವರ್ಷದಲ್ಲಿ ನಿಮ್ಮ ಒಂದಷ್ಟು ಅಂಕಗಳನ್ನು ಅದೇ ತಿಂದಿರಬಹುದು. ಆದರೆ ಇಂಗ್ಲಿಷ್‌ಗೆಂದು ಬೇರೆ ತಯಾರಿ ಬೇಕಿಲ್ಲ. ಗಣಿತ ಪುಸ್ತಕದ ವಿವರಣೆಯ ಒಂದು ಪುಟವನ್ನು ದಿನವೂ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ, ಓದಿದ್ದನ್ನು ಕನ್ನಡದಲ್ಲಿ ಮನೆಯವರಿಗೋ ತಂಗಿಗೋ ಹೇಳಿ. ಪ್ರಶ್ನೆ ಏನನ್ನು ಕೇಳುತ್ತಿದೆ ಎಂದು ತಿಳಿಯುವಷ್ಟು ಭಾಷೆ ಎರಡು ತಿಂಗಳಲ್ಲಿ ಬರುತ್ತದೆ. ಉತ್ತರ ಬರೆಯುವಲ್ಲಂತೂ ಅಂಕಿ, ಚಿಹ್ನೆಗಳೇ ಹೆಚ್ಚು.

ಬೇಸಿಗೆ ಕೋಚಿಂಗ್ ಬೇಡ ಎಂದದ್ದು ಹಣದ ಕಾರಣಕ್ಕಷ್ಟೇ ಅಲ್ಲ. ಅಲ್ಲಿ ದ್ವಿತೀಯ ವರ್ಷದ ಪಾಠವನ್ನು ಓಟದಲ್ಲಿ ಮಾಡುತ್ತಾರೆ, ನಿಮಗೆ ಬೇಕಿರುವುದು ಪ್ರಥಮ ವರ್ಷದ ಪಾಠ ನಿಧಾನವಾಗಿ. ಪುಸ್ತಕಗಳು ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ಇಳಿಸಿಕೊಳ್ಳಬಹುದು, ಆದರೆ ಈಗ ಅವುಗಳನ್ನು ಬಿಡಿಸಲು ಹೋಗಬೇಡಿ. ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ ಎಂಬುದು ತಿಳಿದಿದ್ದರೆ ಈಗಿನ ಮಟ್ಟಿಗೆ ಸಾಕು.

ಮೇ ಕೊನೆಯ ವಾರದಲ್ಲಿ ಒಂದು ಪರೀಕ್ಷೆ ಇಟ್ಟುಕೊಳ್ಳಿ. ನಿಮ್ಮ ಕಾಲೇಜಿನ ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆಯ ಗಣಿತ ಪತ್ರಿಕೆ ನಿಮ್ಮ ಬಳಿಯೇ ಇರಬೇಕು. ತ್ರಿಕೋನಮಿತಿ, ಫಂಕ್ಷನ್, ಶಂಕುಚ್ಛೇದ, ಲಿಮಿಟ್–ಡೆರಿವೇಟಿವ್ ಪ್ರಶ್ನೆಗಳನ್ನಷ್ಟೇ ಆರಿಸಿ, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು ಬರೆಯಿರಿ. ಅವುಗಳಲ್ಲಿ ಯಾವುದಾದರೂ ಎರಡನೆಯ ಸಲವೂ ನಿಂತುಹೋದರೆ ಆ ಹಾಳೆಯನ್ನು ಹಾಗೆಯೇ ಎತ್ತಿಟ್ಟುಕೊಂಡು, ಕಾಲೇಜು ತೆರೆದ ಮೊದಲ ವಾರ ನಿಮ್ಮ ಉಪನ್ಯಾಸಕರ ಹತ್ತಿರ ಹೋಗಿ, ಯಾವ ಸಾಲಿನಲ್ಲಿ ನಿಂತಿರಿ ಎಂದು ಬೆರಳಿಟ್ಟು ತೋರಿಸಿ. ‘ಗಣಿತ ಅರ್ಥವಾಗುವುದಿಲ್ಲ ಸರ್’ ಎನ್ನುವ ವಿದ್ಯಾರ್ಥಿಗೆ ಏನು ಹೇಳಬೇಕೆಂದು ನಮಗೂ ತೋಚುವುದಿಲ್ಲ. ‘ಈ ಸಾಲಿನಿಂದ ಈ ಸಾಲು ಹೇಗೆ ಬಂತು’ ಎಂದು ಕೇಳಿದವರನ್ನು ಐದು ನಿಮಿಷದಲ್ಲಿ ದಾಟಿಸಬಹುದು.