ಕಾಯಿನ್ ಏರೋದು ಕಂಡ ಕೂಡಲೇ ಕೊಳ್ಳುವ ಆತುರ ತಡೆಯೋದು ಹೇಗೆ?

ಗೆಳೆಯರೆಲ್ಲ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಕಾಯಿನ್‌ಗಳಲ್ಲಿ ದುಡ್ಡು ಮಾಡ್ತಿದ್ದಾರೆ, ನಾನೊಬ್ಬನೇ ಹಿಂದೆ ಉಳಿದೆ ಅನ್ನೋ ತಳಮಳಕ್ಕೆ ಏನು ಮಾಡೋದು ಅಂತ ಕೇಳಿದ್ದೀರಿ. ನಾನು ಸಾಗರದಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ತುಂಬಿಕೊಡುವವನು. ಜುಲೈ ಬಂತೆಂದರೆ ನಮ್ಮ ಕಡೆ ಹುಡುಗರ ಕ್ರಿಪ್ಟೋ ಸ್ಟೇಟ್‌ಮೆಂಟುಗಳು ನನ್ನ ಮೇಜಿಗೆ ಬರುತ್ತವೆ. ವಾಟ್ಸಾಪ್ ಗ್ರೂಪಿನಲ್ಲಿ ಲಾಭದ ಸ್ಕ್ರೀನ್‌ಶಾಟ್ ಹಾಕುವವರದ್ದೂ ಅದರಲ್ಲಿ ಇರುತ್ತೆ. ಏರಿದ ಒಂದು ಕಾಯಿನ್ ಗ್ರೂಪಿಗೆ ಹೋಗುತ್ತೆ, ಮುಳುಗಿದ್ದೆಲ್ಲ ನನ್ನ ಹತ್ತಿರ ಬರುತ್ತೆ.

ಹಾಗಾಗಿ ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತ ಹೇಳೋಲ್ಲ, ಲೆಕ್ಕ ಹೇಳ್ತೀನಿ.

2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಆ ತೆರಿಗೆಯ ಮೇಲೆ 4% ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯೋ ಹಾಗೂ ಇಲ್ಲ. ಬಿಟ್‌ಕಾಯಿನ್‌ನಲ್ಲಿ ₹50,000 ಬಂತು, ಯಾರೋ ಹೇಳಿದ ಮೀಮ್ ಕಾಯಿನ್‌ನಲ್ಲಿ (ತಮಾಷೆಗೆ ಹುಟ್ಟಿದ ಕಾಯಿನ್) ₹50,000 ಹೋಯ್ತು ಅಂದುಕೊಳ್ಳಿ. ಕೈಗೆ ಉಳಿದದ್ದು ಸೊನ್ನೆ. ಆದರೂ ಸಂಬಳದಿಂದ ಟ್ಯಾಕ್ಸ್ ಕಟ್ಟುವವರಾದರೆ ಅದರ ಜೊತೆಗೆ ₹15,600 ಕಟ್ಟಬೇಕು. ಇದನ್ನು ಹೇಳಿದರೆ 'ಅಣ್ಣ, ಇನ್ನೊಂದ್ಸಲ ಲೆಕ್ಕ ನೋಡಿ' ಅಂತಾರೆ. ಎಷ್ಟು ಸಲ ನೋಡಿದರೂ ಅಷ್ಟೇ. ಇನ್ನು ಮಾರಿದಾಗಲೆಲ್ಲ ಆ ಮೊತ್ತದಲ್ಲಿ 1% ಟಿಡಿಎಸ್, ಅಂದರೆ ಮೊದಲೇ ಹಿಡಿಯುವ ತೆರಿಗೆ, ಮುರಿದುಕೊಳ್ಳುತ್ತಾರೆ. ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು ನಿಜ, ಆದರೆ ಅದೇ ಒಂದು ಲಕ್ಷವನ್ನು ಹತ್ತು ಸಲ ತಿರುಗಿಸಿದರೆ ಹತ್ತಿರ ಹತ್ತಿರ ₹10,000 ಅಲ್ಲಿವರೆಗೆ ಸಿಕ್ಕಿಹಾಕಿಕೊಂಡಿರುತ್ತೆ.

ನನಗೆ ಸೋಜಿಗ ಅನ್ನಿಸೋದು ಬೇರೆ. ಅಡಿಕೆ ರೇಟು ಏರಿದ ದಿನ ಮನೆಯಲ್ಲಿರೋ ರಾಶಿಯನ್ನು ಮಂಡಿಗೆ ಹಾಕೋದಾ, ಇನ್ನೊಂದು ವಾರ ತಡೆಯೋದಾ ಅಂತ ಅಪ್ಪ ಲೆಕ್ಕ ಹಾಕುತ್ತಾನೆ. ರೇಟು ಏರಿತು ಅಂತ ಅಡಿಕೆ ಕೊಂಡುತಂದು ಅಟ್ಟ ತುಂಬಿಸೋ ಬೆಳೆಗಾರನನ್ನು ನಾನಂತೂ ಕಂಡಿಲ್ಲ. ಅದೇ ಮನೆಯ ಮಗ ಕಾಯಿನ್ ಏರಿದೆ ಅನ್ನೋ ಕಾರಣಕ್ಕೇ ಕೊಳ್ಳುತ್ತಾನೆ. ಮಂಡಿಗಾದರೂ ಸಂಜೆ ಬಾಗಿಲು ಹಾಕ್ತಾರೆ. ಇಲ್ಲಿ ಬಾಗಿಲೇ ಇಲ್ಲ. ಸ್ಟೇಟ್‌ಮೆಂಟಿನಲ್ಲಿ ಕೊಂಡ ಹೊತ್ತು ನೋಡಿದರೆ ರಾತ್ರಿ ಹನ್ನೆರಡೂವರೆ, ಒಂದು ಗಂಟೆ.

'ಈಗ ಬಿಟ್ಟರೆ ಮತ್ತೆ ಸಿಗಲ್ಲ' ಅನ್ನೋ ಮಾತು 2021ರ ನವೆಂಬರಿನಲ್ಲೂ ಇತ್ತು. ಆಗ ಬಿಟ್‌ಕಾಯಿನ್ 69,000 ಡಾಲರ್ ಹತ್ತಿರ ಹೋಗಿತ್ತು. ಮರುವರ್ಷ ಅದೇ ತಿಂಗಳು 16,000ದ ಆಸುಪಾಸಿಗೆ ಸಿಕ್ಕಿತು. ಅದು ಆಮೇಲೆ ಚೇತರಿಸಿಕೊಂಡಿತು, ಸರಿ. ಆದರೆ 2022ರ ಮೇ ಮೊದಲ ವಾರ 80 ಡಾಲರ್ ಮೇಲಿದ್ದ ಲೂನಾ ಅನ್ನೋ ಕಾಯಿನ್, ತಿಂಗಳು ಅರ್ಧ ಆಗೋದರೊಳಗೆ ಒಂದು ಸೆಂಟೂ ಬಾಳಲಿಲ್ಲ.

ಎಕ್ಸ್‌ಚೇಂಜಿನ (ಕಾಯಿನ್ ಕೊಂಡು ಮಾರುವ ಆ್ಯಪ್‌ನ) ಖಾತೆಯಲ್ಲಿ ಸುಮ್ಮನೆ ರೂಪಾಯಿ ಬಿಟ್ಟಿರಬೇಡಿ, ಬ್ಯಾಂಕಿಗೆ ವಾಪಸ್ ತನ್ನಿ. ಕೊಳ್ಳಲೇಬೇಕಾದರೆ ತಿಂಗಳಿಗೊಂದು ತಾರೀಕು, ಹೋದರೂ ಮನೆ ನಡೆಯುವಷ್ಟು ಮೊತ್ತ. ಬೆಳೆಸಾಲದ ದುಡ್ಡಂತೂ ಬೇಡವೇ ಬೇಡ. ನಡುವೆ ಯಾವುದಾದರೂ ಕಾಯಿನ್ ಜಿಗಿದರೆ ಅದರ ಹೆಸರು, ಆ ಹೊತ್ತಿನ ರೇಟು ಬರೆದಿಟ್ಟು ನಿಮ್ಮ ತಾರೀಕಿಗೆ ತೆಗೆದು ನೋಡಿ. ರೇಟಿನ ನೋಟಿಫಿಕೇಶನ್ ಆಫ್ ಮಾಡಿ. ಗ್ರೂಪ್ ಬಿಡೋಕೆ ಮುಜುಗರವಾದರೆ ಮ್ಯೂಟ್ ಮಾಡಿದರೆ ಸಾಕು. ಮತ್ತೆ ಯಾರಾದರೂ ಲಾಭ ತೋರಿಸಿದರೆ, 'ಮಾರಿದ್ಯಾ? ಟ್ಯಾಕ್ಸ್ ಹೋಗಿ ಎಷ್ಟು ಉಳೀತು?' ಅಂತ ಕೇಳಿ. ಹೆಚ್ಚಿನವರು ಇನ್ನೂ ಮಾರಿರೋದೇ ಇಲ್ಲ.