ಕಾಡಿನ ಕೆಲಸಕ್ಕೆ ಒಂದು ವರ್ಷ ಕೊಡಬಹುದಾ?

"ಡಿಗ್ರಿ ಮುಗೀತು. ಕೆಲಸಕ್ಕೆ ಸೇರೋ ಮುಂಚೆ ಒಂದು ವರ್ಷ ಕಾಡು ಉಳಿಸೋ ಸ್ವಯಂಸೇವಕರ ಜೊತೆ ಇರಬೇಕು ಅಂತ ಆಸೆ. ಅಲ್ಲಿ ದಿನ ಹೇಗಿರುತ್ತೆ? ಮನೆಯಲ್ಲಿ ವರ್ಷ ಹಾಳಾಗುತ್ತೆ ಅಂತಿದ್ದಾರೆ" ಅಂತ ಕೇಳಿದ್ದೀರಿ. ನಾನೂ ಇಪ್ಪತ್ತೆರಡಕ್ಕೆ ಹೀಗೇ ಹೊರಟವಳು. 2021ರ ಡಿಸೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಕಾಡಂಚಿನ ಹಳ್ಳಿಗೆ ಹೋದೆ. ಬಂಡೀಪುರ ಕಾಡು ಅಲ್ಲಿಂದ ಕೂಗಳತೆ ದೂರ. ಎರಡು ಬೇಸಿಗೆ, ನಡುವೆ ಒಂದು ಮಳೆಗಾಲ ಅಲ್ಲಿದ್ದೆ. ನಾನು ಕಂಡದ್ದನ್ನಷ್ಟೇ ಹೇಳ್ತೀನಿ.

ಹುಲಿ ನೋಡಬೇಕು ಅನ್ನೋದೇ ದೊಡ್ಡ ಆಸೆಯಾಗಿದ್ದರೆ ಸಫಾರಿಗೆ ಹೋಗಿ ಬನ್ನಿ. ಅಷ್ಟು ತಿಂಗಳಲ್ಲಿ ನಾನು ಹುಲಿ ಕಂಡದ್ದು ಒಂದೇ ಸಲ, ಅದೂ ಜೀಪಿನ ಹಿಂದೆ ಕೂತು, ಎರಡು ಉಸಿರಿನಷ್ಟು ಹೊತ್ತು. ಉಳಿದ ದಿನವೆಲ್ಲ ನನ್ನ ಕಣ್ಣು ನೆಲದ ಮೇಲೇ ಇತ್ತು, ಯಾಕಂದರೆ ನಮ್ಮ ಕೆಲಸ ಲಂಟಾನ ಕೀಳೋದು.

ರಸ್ತೆ ಬದಿಯಲ್ಲಿ ಹಳದಿ, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲಿನ ಮುಳ್ಳುಗಿಡ ನೋಡಿರ್ತೀರಿ. ಎಲೆ ಉಜ್ಜಿದರೆ ಮೂಗಿಗೆ ಹತ್ತೋ ಘಾಟು. ಅಮೆರಿಕ ಖಂಡದ ಬಿಸಿ ಸೀಮೆಯ ಗಿಡ ಅದು. 19ನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆ ಅಂತ ಇಲ್ಲಿಗೆ ತಂದರು. ಈಗ ನಮ್ಮ ಕಾಡಿನೊಳಗೆ ಆಳೆತ್ತರಕ್ಕೆ ಮೆಳೆ ಕಟ್ಟಿಕೊಂಡು ನಿಂತಿದೆ. ಅದರ ಕೆಳಗೆ ಹುಲ್ಲು ಬೆಳೆಯಲ್ಲ, ಹುಲ್ಲಿಲ್ಲದ ಕಡೆ ಜಿಂಕೆ, ಕಾಟಿ, ಆನೆಗೆ ಮೇವಿಲ್ಲ. ಬೇಸಿಗೆಯಲ್ಲಿ ಒಣಗಿದ ಮೆಳೆಗೆ ಬೆಂಕಿ ತಗುಲಿದರೆ ನೆಲದಲ್ಲೇ ಹರಿದು ಹೋಗಬೇಕಾದ ಬೆಂಕಿ ಅದನ್ನೇ ಏಣಿ ಮಾಡಿಕೊಂಡು ಮರದ ತಲೆಗೆ ಹತ್ತುತ್ತೆ.

ನಮಗೆ ಕೊಟ್ಟ ಜಾಗಕ್ಕೆ ಹಿಂದಿನ ಬೇಸಿಗೆಯಲ್ಲಿ ಬೇರೊಂದು ತಂಡ ಬಂದು ಹೋಗಿತ್ತಂತೆ. ಒಂದೇ ದಿನ ಇದ್ದರು, ಮೊಳಕಾಲೆತ್ತರಕ್ಕೆ ಕಡಿದರು, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು, ಹೊರಟರು. ನಾನು ಹೋದಾಗ ಅವರು ಕಡಿದ ಒಂದೊಂದು ಬುಡದಲ್ಲೂ ಹತ್ತಾರು ಚಿಗುರು ಕೊಂಬೆಯಾಗಿ ಬಲಿತು, ಒಳಗೆ ಕೈ ತೂರಿಸೋಕೂ ಆಗದಷ್ಟು ಹೆಣೆದುಕೊಂಡಿತ್ತು. ನಮ್ಮ ಜೊತೆಗಿದ್ದ ಸೋಲಿಗ ಬುಡಕಟ್ಟಿನ ಹಿರಿಯರೊಬ್ಬರು, ನಾವೆಲ್ಲ ತಾತ ಅಂತಿದ್ದೆವು, ಅದನ್ನು ತೋರಿಸಿ "ತಲ ಕುಯ್ದ್ರ ಸಾಯಲ್ಲ ಕನವ್ವ ಇದು, ಬುಡುಕ್ಕ ಕೈ ಹಾಕ್ಬೇಕು" ಅಂದರು.

ಬುಡಕ್ಕೆ ಕೈ ಹಾಕೋದು ಅಂದರೆ ಹೀಗೆ. ಮೊದಲು ಮಚ್ಚಿನಿಂದ ಸುತ್ತಲಿನ ಕೊಂಬೆ ಬಿಡಿಸಿಕೊಂಡು ಬುಡದ ಹತ್ತಿರ ಕೂರಬೇಕು. ಪಿಕಾಸಿಯಿಂದ ಮಣ್ಣು ಸರಿಸಿ, ನೆಲಕ್ಕಿಂತ ಎರಡು ಮೂರು ಬೆರಳು ಕೆಳಗೆ ತಾಯಿಬೇರು ಸಿಗೋ ಜಾಗ ನೋಡಿ ಏಟು ಹಾಕಬೇಕು. ಚಿಗುರು ಒಡೆಯೋ ಶಕ್ತಿ ಇರೋದು ಬುಡ ಮತ್ತು ಬೇರು ಸೇರೋ ಆ ಗಂಟಿನಲ್ಲಿ. ಅದು ಪೂರ್ತಿ ಈಚೆ ಬಂದರೆ ಕೆಳಗೆ ಉಳಿದ ಬೇರು ಮತ್ತೆ ಏಳಲ್ಲ. ಕಿತ್ತ ಗಿಡವನ್ನು ತಲೆಕೆಳಗು ಮಾಡಿ, ಬೇರು ಮೇಲಕ್ಕೆ ಬರೋ ಹಾಗೆ ಇಡಬೇಕು. ಅಡ್ಡ ಬಿಸಾಡಿದರೆ ಮಣ್ಣು ತಾಕಿದ ಕಡೆ ಬೇರು ಬಿಟ್ಟು ಬದುಕಿಕೊಳ್ಳುತ್ತೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಇದು. ಮೊದಲ ದಿನ ನಾನು ಕಿತ್ತದ್ದು ಒಂಬತ್ತು ಬುಡ. ಸಂಜೆ ತಟ್ಟೆ ಹಿಡಿಯೋಕೂ ಬೆರಳು ಮಡಚುತ್ತಿರಲಿಲ್ಲ. ಆರು ವಾರ ಕಳೆಯೋಷ್ಟರಲ್ಲಿ ಕಣ್ಣು ಮುಚ್ಚಿದರೂ ಆ ಗಂಟು ಎಲ್ಲಿದೆ ಅಂತ ಪಿಕಾಸಿಯ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಬೆಳಗ್ಗೆ ಆರೂವರೆಗೆ ಕಾಫಿ ಕುಡಿದು ಹೊರಡುತ್ತಿದ್ದೆವು. ಮುಂದೆ ತಾತ, ಹಿಂದೆ ಅರಣ್ಯ ಇಲಾಖೆಯ ವಾಚರ್ ಒಬ್ಬರು, ನಡುವೆ ನಾವು ಆರು ಜನ. ತಾತ ಕೈ ಎತ್ತಿದರೆ ಇಟ್ಟ ಹೆಜ್ಜೆಯಲ್ಲೇ ನಿಲ್ಲಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ. ಒಂದು ದಿನ ಹಾಗೆ ನಿಂತೆವು. ನನಗೆ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮೆಳೆಯ ಆಚೆಯಿಂದ ದೊಡ್ಡ ಹಂಡೆಯೊಳಗೆ ನೀರು ಕುದಿಯೋ ಥರ ಒಂದು ಸದ್ದು ಬಂತು, ಆನೆಯದು. ಹದಿನೈದು ಹೆಜ್ಜೆಯೂ ಇರಲಿಲ್ಲ. ಅಷ್ಟು ದೊಡ್ಡ ಜೀವವನ್ನೂ ಲಂಟಾನ ಮುಚ್ಚಿಡುತ್ತೆ. ಬಂದ ದಾರಿಯಲ್ಲೇ ಹಿಂದೆ ಸರಿದೆವು, ಆ ದಿನ ಕೆಲಸ ಇಲ್ಲ. ಮನೆಯವರು ಹೆದರೋದು ಇದಕ್ಕೇ ಆದರೆ ಅವರ ಹೆದರಿಕೆ ಸುಳ್ಳಲ್ಲ. ಕಾಡು ಬಲ್ಲ ಸ್ಥಳೀಯರು ಮುಂದೆ ಇಲ್ಲದ ತಂಡದ ಜೊತೆ ಒಳಗೆ ಕಾಲಿಡಬೇಡಿ ಅಂತ ನಾನೂ ಹೇಳ್ತೀನಿ.

ಆನೆಗಿಂತ ದಿನದಿನದ ಕಾಟ ರಕ್ತ ಹೀರೋ ಉಣ್ಣೆ ಹುಳದ್ದು. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ಸಂಜೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೊಣಕಾಲಿನ ಹಿಂದೆ, ಸೊಂಟ, ಕಂಕುಳು ನೋಡಿಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದು ಉಣ್ಣೆಯಿಂದಲೇ. ಜ್ವರ ಬಂದರೆ ಕಾಡಿನಲ್ಲಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಊಟ ಚೆನ್ನಾಗಿತ್ತು. ಮುದ್ದೆ, ಹುರುಳಿ ಸಾರು, ಚಳಿಗಾಲದಲ್ಲಿ ಅವರೆಕಾಳು. ಸಂಬಳ ಇರಲಿಲ್ಲ, ಊಟ, ವಸತಿ, ಬಸ್ ಖರ್ಚು ಅಷ್ಟೇ. ಬಂಡೀಪುರ ಕಾಡಿನೊಳಗೆ ಹಾದುಹೋಗೋ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡೋದಿಲ್ಲ, 2009ರಿಂದ ಹಾಗೆ. ಒಂಬತ್ತಾದ ಮೇಲೆ ಇಳಿಯೋ ಆ ನಿಶ್ಶಬ್ದ ಮೊದಲ ವಾರ ನನಗೆ ನಿದ್ದೆ ಕೊಡಲಿಲ್ಲ. ಈಗ ಮೈಸೂರಿನಲ್ಲಿ ಅದಿಲ್ಲದೆ ನಿದ್ದೆ ಬರಲ್ಲ.

ಫೆಬ್ರವರಿ ಬಂದರೆ ಎಲ್ಲರ ಮಾತೂ ಬೆಂಕಿಯದು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಸಾವಿರಾರು ಎಕರೆ ಸುಟ್ಟುಹೋಗಿ, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದನ್ನು ಆ ಹಳ್ಳಿಗಳಲ್ಲಿ ಇಂದಿಗೂ ನಿನ್ನೆ ನಡೆದ ಹಾಗೆ ಹೇಳ್ತಾರೆ. ಅದಕ್ಕೂ ಎರಡು ವರ್ಷ ಹಿಂದೆ, 2017ರಲ್ಲಿ, ಬೆಂಕಿ ಆರಿಸೋಕೆ ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಹಾಗಾಗಿ ನಮ್ಮನ್ನು ಬೆಂಕಿಯ ಮುಂದೆ ನಿಲ್ಲಿಸುತ್ತಿರಲಿಲ್ಲ, ಅದು ಸರಿ ಕೂಡ. ಬೆಂಕಿ ರೇಖೆಯಲ್ಲಿ, ಅಂದರೆ ಬೆಂಕಿ ದಾಟದ ಹಾಗೆ ಬೋಳಾಗಿ ಬಿಟ್ಟ ಪಟ್ಟಿಯಲ್ಲಿ, ತರಗೆಲೆ ಗುಡಿಸೋದು, ನೀರು, ಮಜ್ಜಿಗೆ ಹೊರೋದು, ಬೆಂಕಿ ಆರಿದ ಮೇಲೆ ಕೆಂಡ ಕಾಯೋದು ನಮ್ಮ ಪಾಲು. ಒಂದು ಮಾರ್ಚ್ ಮಧ್ಯಾಹ್ನ ಐದಾರು ಎಕರೆ ಹೊತ್ತಿಕೊಂಡಿತ್ತು. ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಬಡಿದು ಆರಿಸಿದರು. ಎಲ್ಲ ಮುಗೀತು ಅಂತ ಕೂತಾಗ ತಾತ ಬಿದ್ದ ದಿಂಡಿಗದ ಕೊರಡಿನ ಹತ್ತಿರ ಮಂಡಿಯೂರಿ, ಅಂಗೈ ತಿರುಗಿಸಿ ಹಿಂಭಾಗವನ್ನು ಅದರ ಪೊಟರೆಗೆ ಹಿಡಿದರು. ನನ್ನ ಕೈಯನ್ನೂ ಹಿಡಿಸಿದರು. ಹೊಗೆ ಒಂದೆಳೆಯೂ ಇರಲಿಲ್ಲ, ಶಾಖ ಮಾತ್ರ ಒಲೆಯ ಬಾಯಿಯ ಹಾಗಿತ್ತು. ಮಣ್ಣು ತುಂಬಿ, ರಾತ್ರಿ ಎಂಟರವರೆಗೆ ಸರದಿಯಲ್ಲಿ ಕಾದೆವು. ಒಣಗಿದ ಆನೆ ಲದ್ದಿಯನ್ನೂ ಹಾಗೇ ಕಾಲಲ್ಲಿ ಒಡೆದು ನೋಡಬೇಕು. ಗಂಟೆಗಟ್ಟಲೆ ಒಳಗೊಳಗೇ ಕನಲುತ್ತಾ ಇದ್ದು ಸಂಜೆಯ ಗಾಳಿಗೆ ಮತ್ತೆ ಹೊತ್ತಿಕೊಳ್ಳುತ್ತೆ.

ಅವತ್ತು ಕಾಯುವಾಗಲೇ ತಾತ ತರಗು ಬೆಂಕಿಯ ವಿಷಯ ಹೇಳಿದ್ದು. ಬಿಳಿಗಿರಿರಂಗನ ಬೆಟ್ಟದ ಕಡೆ ಅವರ ಹಿರಿಯರು ಬೇಸಿಗೆ ಬಲಿಯೋ ಮುಂಚೆ ಒಣಗಿದ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರಂತೆ. ಅದು ನೆಲ ಸವರಿಕೊಂಡು ಹೋಗಿ ಆರುತ್ತಿತ್ತು, ಲಂಟಾನದ ಸಸಿಯೂ ಅದರಲ್ಲೇ ಹೋಗುತ್ತಿತ್ತು. 1974ರಲ್ಲಿ ಅಲ್ಲಿ ಅಭಯಾರಣ್ಯ ಆದ ಮೇಲೆ ಆ ಪದ್ಧತಿ ನಿಂತಿತು, ಮೆಳೆ ಏರಿತು ಅನ್ನೋದು ಸೋಲಿಗರ ಮಾತು. ಎಲ್ಲರೂ ಇದನ್ನು ಒಪ್ಪಲ್ಲ. ಆದರೆ ಕೊರಡಿನೊಳಗಿನ ಶಾಖ ಕೈ ಹಿಡಿದು ತೋರಿಸಿದವರ ಮಾತನ್ನು ನಾನು ತಳ್ಳಿಹಾಕಲಾರೆ. ಕಾಡು ಉಳಿಸೋ ಯೋಜನೆ ಬರೆಯೋವಾಗ ಅವರನ್ನು ಕೂಲಿಗೆ ಮಾತ್ರ ಕರೆಯದೆ ಮೇಜಿನ ಎದುರಿಗೂ ಕೂರಿಸಬೇಕು.

ಕೂಲಿ ಅಂದೆನಲ್ಲ, ಸೇರೋ ಮುಂಚೆ ತಂಡದವರನ್ನು ಇದನ್ನು ಕೇಳಲೇಬೇಕು: ನಾವು ಬರೋದರಿಂದ ಊರಿನ ಯಾರ ಕೂಲಿಯಾದರೂ ತಪ್ಪುತ್ತಾ? ಲಂಟಾನ ಕೀಳೋದು ಕಾಡಂಚಿನವರಿಗೆ ಸಿಗೋ ಕೆಲಸ, ನಾವು ಬಿಟ್ಟಿ ಮಾಡಿ ಅದನ್ನು ಕಿತ್ತುಕೊಳ್ಳಬಾರದು. ನಮ್ಮಲ್ಲಿ ಒಬ್ಬ ಸ್ವಯಂಸೇವಕರ ಜೊತೆ ಊರಿನ ಇಬ್ಬರಿಗೆ ಕೂಲಿ ಅಂತ ನಿಯಮ ಇತ್ತು. ಇಲಾಖೆಯ ಅನುಮತಿ ಪತ್ರ ಕಣ್ಣಾರೆ ನೋಡಿ. ವಿಮೆ ಇದೆಯಾ, ಪೆಟ್ಟಾದರೆ ಯಾವ ಗಾಡಿಯಲ್ಲಿ ಯಾವ ಆಸ್ಪತ್ರೆಗೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ ಅಂತ ಸಂಕೋಚ ಇಲ್ಲದೆ ಕೇಳಿ. ಎಲ್ಲಕ್ಕಿಂತ ಹೆಚ್ಚಾಗಿ, ಕಿತ್ತ ಜಾಗಕ್ಕೆ ಮುಂದಿನ ಮಳೆಗಾಲದಲ್ಲಿ ಯಾರು ಹೋಗ್ತಾರೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಆ ತಂಡ ಬೇಡ.

ಯಾಕಂದರೆ ಮಳೆ ಬಿದ್ದ ಹದಿನೈದು ದಿನಕ್ಕೆ ಸಸಿ ಎದ್ದು ಬರುತ್ತೆ. ಪಿಕಳಾರ ಲಂಟಾನದ ಹಣ್ಣು ತಿಂದು ಬಂದು ಕೂರೋ ಮರದ ಕೆಳಗಂತೂ ಸೊಪ್ಪಿನ ಮಡಿಯ ಹಾಗೆ. ಆಗ ಅದನ್ನು ಎರಡು ಬೆರಳಲ್ಲಿ ಕೀಳಬಹುದು, ಒಂದು ವರ್ಷ ಬಿಟ್ಟರೆ ಮತ್ತೆ ಪಿಕಾಸಿ ಬೇಕು. ಬಗ್ಗಿಕೊಂಡು, ನೆನೆದುಕೊಂಡು, ದಿನಕ್ಕೆ ಒಂದೇ ಮರದ ಸುತ್ತ. ಈ ಕೆಲಸಕ್ಕೆ ಆರು ಜನರಲ್ಲಿ ಉಳಿದದ್ದು ನಾವಿಬ್ಬರೇ. ಆ ವರ್ಷ ಡಿಸೆಂಬರ್‌ನಲ್ಲಿ ಅದೇ ಜಾಗದಲ್ಲಿ ಹುಲ್ಲು ಮೊಳಕಾಲು ಮುಟ್ಟಿತ್ತು. ಒಂದು ಬೆಳಗ್ಗೆ ಇಬ್ಬನಿಯಲ್ಲಿ ನಾಲ್ಕೈದು ಕಡೆ ಹುಲ್ಲು ದುಂಡಗೆ ಒರಗಿತ್ತು, ಪಕ್ಕದಲ್ಲಿ ಹಸಿ ಹಿಕ್ಕೆ. ರಾತ್ರಿ ಜಿಂಕೆ ಮಲಗಿದ್ದ ಜಾಗ. ಮುಟ್ಟಿ ನೋಡಿದೆ, ಇಬ್ಬನಿ ಅಲ್ಲಿ ಮಾತ್ರ ಇರಲಿಲ್ಲ.

ಮನೆಯ ವಿಷಯ. ಅಪ್ಪ ಮೂರು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅಮ್ಮ ಜನವರಿಯಲ್ಲಿ ಬಂದು ಮೂರು ದಿನ ಇದ್ದು, ತಾತನ ಮನೆಯಲ್ಲಿ ಉಂಡು, ಅಲ್ಲಿಯ ಅಜ್ಜಿಯ ಫೋನ್ ನಂಬರ್ ಬರೆದುಕೊಂಡು ಹೋದರು. ಆಮೇಲೆ ನನಗಿಂತ ಹೆಚ್ಚು ಅವರಿಬ್ಬರೇ ಮಾತಾಡುತ್ತಿದ್ದರು. ನೀವೂ ಮನೆಯವರನ್ನು ಒಂದು ಸಲ ಅಲ್ಲಿಗೆ ಕರೆಸಿ. ವರ್ಷ ಹಾಳಾಯಿತಾ ಅಂದರೆ, ಈಗ ನಾನು ಅಕೌಂಟ್ಸ್ ಕೆಲಸದಲ್ಲಿದ್ದೀನಿ, ಸ್ನೇಹಿತರಿಗಿಂತ ಒಂದೂವರೆ ವರ್ಷ ತಡವಾಗಿ ಸೇರಿದೆ, ಅದರಿಂದ ನನಗೆ ಏನೂ ಕಡಿಮೆಯಾಗಿಲ್ಲ.

ಪ್ರತಿ ಮಳೆಗಾಲ ಎರಡು ದಿನ ರಜೆ ಹಾಕಿ ಆ ಜಾಗಕ್ಕೆ ಹೋಗ್ತೀನಿ. ಮೊದಲ ವರ್ಷ ಅಲ್ಲಿ ಹನ್ನೊಂದು ಬುಟ್ಟಿ ಸಸಿ ಕಿತ್ತಿದ್ದೆವು. ಕಳೆದ ಸಲ ಹೋದಾಗ ಎರಡು ದಿನ ಹುಡುಕಿದರೂ ಒಂದು ಬುಟ್ಟಿ ತುಂಬಲಿಲ್ಲ.